ಆಚಾರಿಯ ಉದ್ದ ಇಂಚು

ಆ ಆಟದ ರೈಲಿನ ಇಂಜಿನ್ ನನಗೆ ಸಿಕ್ಕಿದ್ದು ಶಿವಮೊಗ್ಗದ ಒಂದು ಗುಜರಿ ಅಂಗಡಿಯಲ್ಲಿ, ತುಕ್ಕು ಹಿಡಿದ ಚಿಲಕಗಳ ರಾಶಿಯ ಅಡಿಯಲ್ಲಿ. ಒಂದು ಗೇಣಿಗಿಂತ ಸ್ವಲ್ಪ ಉದ್ದ. ಹಸಿರು ಮೈ, ಅಂಚಿಗೆ ಕೂದಲೆಳೆಯಂಥ ಕೆಂಪು ಗೆರೆ. ಡ್ರೈವರ್ ನಿಲ್ಲುವ ಜಾಗದಲ್ಲಿ ಉಗುರಿನಷ್ಟು ಚಿಕ್ಕದೊಂದು ಒಲೆಯ ಬಾಗಿಲು. ಅದನ್ನು ತೆಗೆದು ಮುಚ್ಚಬಹುದಿತ್ತು! ನಾನು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಮರಳಿನಲ್ಲಿ ಅಚ್ಚು ಹಾಕಿ ಎರಕ ಹೊಯ್ದವನು. ನಾಲ್ಕು ಜನ ಸೇರಿದರೂ ಅಲುಗದಂಥ ಚಕ್ರಗಳನ್ನು ಹೊಯ್ದಿದ್ದೇನೆ. ಆದರೆ ಯಾವುದೋ ದೇಶದಲ್ಲಿ ಯಾರೋ ಒಬ್ಬ ಇಷ್ಟು ಚಿಕ್ಕದಕ್ಕೆ ಇಷ್ಟೊಂದು ನಿಷ್ಠೆ ಇಟ್ಟಿದ್ದಾನಲ್ಲ ಎಂದು ಅಂಗಡಿಯ ಮುಂದೆ ಕುಕ್ಕರಗಾಲಲ್ಲಿ ಕೂತವನು ಏಳಲೇ ಇಲ್ಲ.

"ಯಜಮಾನ್ರೇ, ತಗೊಳ್ತೀರೋ, ಇಲ್ಲಾ ಟಿಕೆಟ್ ತೆಗೆದು ಹತ್ತೇ ಬಿಡ್ತೀರೋ?" ಎಂದರು ಅಂಗಡಿಯ ಸಾಬರು.

"ಒಂದು ಚಕ್ರ ಇಲ್ಲವಲ್ಲ ಸಾಬರೇ."

"ಅರೇ, ಎಲ್ಲಾ ಇದ್ದಿದ್ರೆ ನನ್ನ ಹತ್ರ ಯಾಕೆ ಬರ್ತಿತ್ತು?"

ಅವತ್ತು ನಾನು ಆಟದ ಸಾಮಾನಿಗೆಂದು ಪೇಟೆಗೆ ಹೋದವನಲ್ಲ, ನೋವಿನ ಎಣ್ಣೆಗೆ ಹೋದವನು. ನಮ್ಮ ಮನೆಯಲ್ಲೇ ಬೆಳೆಯುತ್ತಿದ್ದ ಎಂಟು ವರ್ಷದ ಮೊಮ್ಮಗಳು ಸೀಬೆ ಮರದಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡಿದ್ದಳು. ಮೂಳೆ ಕಟ್ಟುವ ಹಿರಿಯರೊಬ್ಬರನ್ನು ಆಯನೂರಿನಿಂದ ಕರೆಸಿದ್ದೆವು. ಅವರು ಬಿದಿರಿನ ದಬ್ಬೆ ಕಟ್ಟಿ, ಕಾಲಿನ ಎರಡೂ ಪಕ್ಕ ಮರಳಿನ ಚೀಲ ಇಟ್ಟು ಹೇಳಿದ್ದರು: "ನಲವತ್ತೈದು ದಿನ ಈ ಕಾಲು ಅಲುಗಬಾರ್ದು. ಅಲುಗಿದ್ರೆ ಮೂಳೆ ಒಂದರ ಮೇಲೊಂದು ಹತ್ತಿ ಕೂತ್ಕೊಳುತ್ತೆ. ಕಾಲು ಗಿಡ್ಡ ಆಗುತ್ತೆ. ಆಮೇಲೆ ನನ್ನ ಬೈಬೇಡಿ."

ನಲವತ್ತೈದು ದಿನ! ಉಣ್ಣುವಾಗಲೂ ಒಂದು ಕಡೆ ಕೂರದ ಹುಡುಗಿ. ಮೂರನೆಯ ದಿನಕ್ಕೇ ಹೊರಳುವುದಕ್ಕೆ ಶುರುಮಾಡಿದ್ದಳು. ನನ್ನ ಹೆಂಡತಿ ಗದರಿ ನೋಡಿದಳು, ಬೇಡಿ ನೋಡಿದಳು, ಕೊನೆಗೆ ತಾನೇ ಅತ್ತಳು.

ನಾನು ಎಣ್ಣೆಯ ಸೀಸೆಯ ಜೊತೆ ಆ ಇಂಜಿನ್ನನ್ನೂ ತಂದು ಮಗುವಿನ ಎದೆಯ ಮೇಲಿಟ್ಟೆ. ಅವಳು ಒಲೆಯ ಬಾಗಿಲು ತೆರೆದು ಒಂದು ಕಣ್ಣಿನಿಂದ ಒಳಗೆ ಇಣುಕಿದಳು.

"ಅಜ್ಜ, ಇದು ಓಡುತ್ತಾ?"

"ನೀನು ಅಲುಗದೆ ಮಲಗಿದ್ರೆ ಓಡಿಸ್ತೀನಿ. ನಿನ್ನ ಮಂಚದ ಸುತ್ತ ಓಡಿಸ್ತೀನಿ."

"ಆಣೆ?"

"ಆಣೆ."

ಆಣೆ ಹಾಕಿದ್ದು ಸುಲಭ. ಹಳಿ ಎಲ್ಲಿ, ಡಬ್ಬಿ ಎಲ್ಲಿ? ಸಾಬರನ್ನು ವಿಚಾರಿಸಿದರೆ, ಅದು ನಮ್ಮ ಭದ್ರಾವತಿಯಿಂದಲೇ ಬಂದದ್ದಂತೆ. ಪರದೇಶದ ಸಾಹೇಬರೊಬ್ಬರು ಊರಿಗೆ ಹೊರಟಾಗ ಬಂಗಲೆಯ ಆಳುಗಳು ಹಂಚಿಕೊಂಡ ಸಾಮಾನು. ಆಗ ಯುದ್ಧದ ಕಾಲ, ಅಂಥದ್ದು ಹೊಸದಾಗಿ ತರಿಸೋಣವೆಂದರೆ ಹಡಗೇ ಇಲ್ಲ. ಪಾಳಿ ಮುಗಿದ ಮೇಲೆ ಆ ಬಂಗಲೆಯಲ್ಲಿ ಅಡುಗೆ ಮಾಡಿಕೊಂಡಿದ್ದಾಕೆಯ ಮನೆ ಹುಡುಕಿ ಹೋದೆ. ಬಾಗಿಲಲ್ಲೇ ನಿಂತುಬಿಟ್ಟೆ. ಕೆಂಡದ ಮೇಲೆ ರೈಲಿನ ಬಾಗು ಹಳಿಗಳನ್ನು ಜೋಡಿಸಿ ಆಕೆ ಹಪ್ಪಳ ಸುಡುತ್ತಿದ್ದಳು! ನೇರ ಹಳಿಗಳು ಕೋಳಿಗೂಡಿನ ಕಂಬಿಯಾಗಿದ್ದವು. ರೈಲಿನ ಎರಡು ಡಬ್ಬಿಗಳಲ್ಲಿ ಒಂದರಲ್ಲಿ ಉಪ್ಪು, ಒಂದರಲ್ಲಿ ಹುಣಸೆಹಣ್ಣು.

"ಕೊಡಕ್ಕಾಗಲ್ಲ ಅಣ್ಣ. ಹಪ್ಪಳಕ್ಕೆ ಇಂಥದ್ದು ಎಲ್ಲಿ ಸಿಗುತ್ತೆ?" ಎಂದಳು. ಮಗುವಿನ ಕಾಲಿನ ಕಥೆ ಹೇಳಿದೆ. ಆಕೆ ಕೋಳಿಗಳನ್ನು ಹೊರಗೆ ಓಡಿಸಿ ಗೂಡು ಬಿಚ್ಚಿ, ಹಪ್ಪಳದ ಹಳಿ, ಡಬ್ಬಿಗಳ ಸಮೇತ ಎಲ್ಲಾ ಕೊಟ್ಟಳು. ಮುಂದಿನ ವಾರ ನಾನೇ ಒಂದು ಕಬ್ಬಿಣದ ಕಾವಲಿ ತೆಗೆದುಕೊಂಡು ಹೋಗಿ ಕೊಟ್ಟು ಬಂದೆ.

ಹಳಿಗಳನ್ನು ಬೆಳಗಿದ್ದೆಲ್ಲ ಮಗುವೇ. ಮಲಗಿದಲ್ಲಿಯೇ ಬೂದಿ, ಹುಣಸೆಹುಳಿ ಹಚ್ಚಿ ದಿನಕ್ಕೆ ಒಂದು ಹಳಿ, ಎರಡು ಹಳಿ ಉಜ್ಜುತ್ತಿದ್ದಳು. ಕೈ ಆಡುತ್ತಿತ್ತು, ಕಾಲು ಸುಮ್ಮನಿತ್ತು. ನಾನು ಇಂಜಿನ್ನಿನ ಹೊಟ್ಟೆ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದೆ. ಸುರುಳಿ ಸುತ್ತಿದ ಉಕ್ಕಿನ ಪಟ್ಟಿ ಎಷ್ಟೋ ವರ್ಷದ ಜಿಡ್ಡಿನ ಕೆಳಗೆ ಹೊಳೆಯುತ್ತಾ ಕೂತಿತ್ತು. ಪಕ್ಕದ ಮನೆಯ ಗೋಡೆ ಗಡಿಯಾರದ ಕೀಲಿ ಹಾಕಿ ತಿರುಗಿಸಿದರೆ ಚಕ್ರಗಳು ಗಿರ್ ಎಂದವು. ಮಗು ಕಿರುಚಿದಳು. ನಾನೂ ಕಿರುಚಿದೆನಂತೆ, ಹೆಂಡತಿ ಹೇಳುತ್ತಾಳೆ.

ಇನ್ನು ಉಳಿದದ್ದು ಇಲ್ಲದ ಆ ಒಂದು ಚಕ್ರ. ಅದು ನನ್ನದೇ ಕೆಲಸ ಎಂದು ಎದೆಯುಬ್ಬಿಸಿದೆ. ಅದರ ಜೊತೆಯ ಚಕ್ರವನ್ನೇ ಬಿಚ್ಚಿಕೊಂಡು ಹೋಗಿ, ಮೇಸ್ತ್ರಿಯನ್ನು ಕೇಳಿ, ಮರಳಿನಲ್ಲಿ ಒತ್ತಿ ಅಚ್ಚು ತೆಗೆದು, ಮಿಕ್ಕಿದ ಹಿತ್ತಾಳೆ ಹೊಯ್ದೆ. ಅರದಿಂದ ಉಜ್ಜಿ ನಯ ಮಾಡಿದೆ. ಮನೆಗೆ ತಂದು ಕೂರಿಸಿ, ಮಂಚದ ಸುತ್ತ ಹಳಿ ಜೋಡಿಸಿ, ಕೀಲಿ ಕೊಟ್ಟು ಬಿಟ್ಟೆ.

ರೈಲು ಹೊರಟಿತು. ಕುಂಟುತ್ತಾ ಹೊರಟಿತು. ಒಂದು ಕಡೆ ವಾಲಿ, ತೂರಾಡಿ, ಮೊದಲ ತಿರುವಿನಲ್ಲೇ ಹಳಿ ಬಿಟ್ಟು ಮಗುಚಿತು. ಮತ್ತೆ ಬಿಟ್ಟೆ. ಅದೇ ತಿರುವು, ಅದೇ ಗತಿ. ಎರಡು ಚಕ್ರಗಳನ್ನೂ ಬಿಚ್ಚಿ ಜೋಡಿಸಿ ಹಿಡಿದು ನೋಡಿದರೆ ನನ್ನದು ಭತ್ತದ ಹೊಟ್ಟಿನ ದಪ್ಪದಷ್ಟು ಚಿಕ್ಕದು.

ಮಗುವಿನ ಮುಖ ಬಿಳಿಚಿಕೊಂಡಿತು. "ಅಜ್ಜ, ನನ್ನ ಕಾಲೂ ಹೀಗೇ ಆಗುತ್ತಲ್ಲ?"

ನಾನು ಆ ಚಿಕ್ಕ ಚಕ್ರವನ್ನು ಮುಷ್ಟಿಯೊಳಗೆ ಮುಚ್ಚಿಕೊಂಡೆ. ಅದೇ ಅವಳಿಗೆ ಉತ್ತರವಾಯಿತು. "ಹಾಗಿದ್ರೆ ನಾನ್ಯಾಕೆ ಮಲಗಬೇಕು?" ಎಂದು ದಬ್ಬೆಯ ದಾರಕ್ಕೇ ಕೈ ಹಾಕಿದಳು. ಹೆಂಡತಿ ಓಡಿಬಂದು ಎರಡೂ ಕೈ ಹಿಡಿದುಕೊಂಡಳು. "ಏನ್ರೀ, ನಿಮ್ಮ ಚಕ್ರಕ್ಕೆ ಮಗೂ ಕಾಲು ಬಲಿ ಕೊಡ್ತೀರಾ? ಹೋಗ್ರೀ, ಸರಿಮಾಡ್ಕೊಂಡು ಬನ್ನಿ!"

ಬೆಳಗಾಗುತ್ತಲೇ ಎರಡೂ ಚಕ್ರ ಹಿಡಿದು ಕಾರ್ಖಾನೆಯಲ್ಲಿ ನಮಗೆ ಮರಳಿನಲ್ಲಿ ಒತ್ತುವುದಕ್ಕೆ ಮರದ ಮಾದರಿ ಮಾಡಿಕೊಡುವ ಆಚಾರಿಯ ಹತ್ತಿರ ಓಡಿದೆ. ಅವನು ನೋಡಿದ. ಹೊಟ್ಟೆ ಹಿಡಿದುಕೊಂಡು ನಕ್ಕ.

"ಮಾರಾಯ, ಚಕ್ರಾನೇ ಒತ್ತಿ ಚಕ್ರ ತೆಗೆದ್ಯಾ? ಹಿತ್ತಾಳೆ ತಣ್ಣಗಾದ್ರೆ ಕುಗ್ಗಲ್ವೇನೋ? ಮೇಲಿಂದ ಅರ ಬೇರೆ ಹಾಕಿದೀಯ!"

"ಕುಗ್ಗೋದು ನನಗೆ ಗೊತ್ತಿಲ್ಲವೇನೋ? ಯಾವತ್ತೂ ಸರಿಯಾಗೇ ಬರ್ತಿತ್ತಲ್ಲ!"

"ಬರ್ತಿತ್ತು. ಯಾಕೆ ಬರ್ತಿತ್ತು, ಬಾ ಇಲ್ಲಿ."

ಅವನು ಗೋಡೆಯಿಂದ ಒಂದು ಅಳತೆಕೋಲು ತೆಗೆದು ಮಾಮೂಲಿ ಕೋಲಿನ ಪಕ್ಕ ಇಟ್ಟ. ಮೊದಲ ಗೆರೆಗಳು ಸರಿಯಾಗಿ ಕೂತವು. ಆಮೇಲೆ ಒಂದೊಂದೇ ಗೆರೆ ಜಾರುತ್ತಾ ಹೋಗಿ, ಅಡಿ ಮುಗಿಯುವ ಹೊತ್ತಿಗೆ ಅವನ ಕೋಲು ಒಂದು ಅಕ್ಕಿಕಾಳಿನಷ್ಟು ಮುಂದಿತ್ತು. ಅವನ ಇಂಚೇ ನಮ್ಮ ಇಂಚಿಗಿಂತ ಉದ್ದ! ಹಿತ್ತಾಳೆಗೆ ಒಂದು ಕೋಲು, ಕಬ್ಬಿಣಕ್ಕೆ ಇನ್ನೊಂದು. ಎಷ್ಟು ಕುಗ್ಗುತ್ತದೋ ಅಷ್ಟನ್ನು ಮೊದಲೇ ಕೊಟ್ಟು ಕೆತ್ತುತ್ತಿದ್ದ. ಇಪ್ಪತ್ತು ವರ್ಷ ನನ್ನ ಕೈಗೆ ಬಂದ ಮಾದರಿಗಳೆಲ್ಲ ಸ್ವಲ್ಪ ದೊಡ್ಡವೇ ಆಗಿದ್ದವು. ನಾನು ಒಮ್ಮೆಯೂ ಅಳೆದು ನೋಡಿರಲಿಲ್ಲ. ದೇವಸ್ಥಾನದಲ್ಲಿ ನಿಂತ ಹಾಗೆ ಆ ಕೋಲಿನ ಮುಂದೆ ನಿಂತಿದ್ದೆ.

ಮಗುವಿನ ಮಾತು ಹೇಳಿದ ಮೇಲೆ ಆಚಾರಿ ನಗಲಿಲ್ಲ. ಊಟದ ಬಿಡುವಿನಲ್ಲಿ ಊಟ ಬಿಟ್ಟು ಸಾಗುವಾನಿಯ ಒಂದು ಚಕ್ರ ಕೆತ್ತಿದ. ಕುಗ್ಗುವುದಕ್ಕೆ ಇಷ್ಟು, ಅರಕ್ಕೆ ಇಷ್ಟು ಎಂದು ಸೇರಿಸಿದ. ಸಂಜೆಗೆ ಹೊಯ್ದೆ. ಉಜ್ಜಿದೆ. ಜೋಡಿಸಿ ಹಿಡಿದರೆ ಎರಡು ಚಕ್ರಗಳಿಗೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಅವತ್ತು ರೈಲು ಓಡಿತು. ತಿರುವು ದಾಟಿತು, ಮಗುವಿನ ತಲೆಯ ಹಿಂದೆ ಮರೆಯಾಯಿತು, ಇನ್ನೊಂದು ಕಡೆಯಿಂದ ಟಕಟಕ ಎನ್ನುತ್ತಾ ಮತ್ತೆ ಬಂತು! ಮಗು ತಲೆಯನ್ನಷ್ಟೇ ತಿರುಗಿಸಿ, ಉಸಿರು ಬಿಗಿಹಿಡಿದು ನೋಡಿದಳು. ಮರಳಿನ ಚೀಲದ ಒಂದು ಸುಕ್ಕೂ ಕದಲಲಿಲ್ಲ. ಮಿಕ್ಕ ದಿನಗಳು ಹಾಗೆಯೇ ಕಳೆದವು.

ನಲವತ್ತಾರನೆಯ ದಿನ ಆಯನೂರಿನ ಹಿರಿಯರು ದಬ್ಬೆ ಬಿಚ್ಚಿ, ಸೊಂಟದಿಂದ ಹಿಮ್ಮಡಿಯವರೆಗೆ ದಾರ ಹಿಡಿದು ಅಳೆದರು. ಅದೇ ದಾರವನ್ನು ಇನ್ನೊಂದು ಕಾಲಿಗೆ ಹಿಡಿದರು. ನಾನು ಕಣ್ಣು ಮುಚ್ಚಿಕೊಂಡೆ.

"ಸರೀಗಿದೆ," ಎಂದರು.

ಹಿಡಿದು ನಡೆಸಿ ಎಂದರು. ಮಗು ಮಂಚದ ಅಂಚು ಹಿಡಿದು ನಿಂತಳು. ಅಜ್ಜಿಯ ಕೈಯೂ ಬೇಡವಂತೆ, ನನ್ನ ಕೈಯೂ ಬೇಡವಂತೆ, ರೈಲು ಬಿಡಬೇಕಂತೆ. ಕೀಲಿ ಕೊಟ್ಟು ಬಿಟ್ಟೆ. ಅದರ ಹಿಂದೆ ಅವಳು ಒಂದೊಂದೇ ಹೆಜ್ಜೆ ಇಟ್ಟಳು, ನಡುಗುತ್ತಾ, ವಾಲದೆ. ಅವಳು ಒಂದು ಸುತ್ತು ಮುಗಿಸುವುದರೊಳಗೆ ರೈಲು ನಾಲ್ಕು ಸುತ್ತು ಹಾಕಿತ್ತು.

"ಅಜ್ಜ," ಎಂದಳು ಏದುಸಿರು ಬಿಡುತ್ತಾ, "ಸ್ವಲ್ಪ ನಿಧಾನ ಹೋಗು ಅಂತ ಹೇಳು ಅದಕ್ಕೆ."

ನಾನು ಬಗ್ಗಿ ರೈಲಿಗೆ ಬೆರಳು ಅಡ್ಡ ಇಟ್ಟು, ಅವಳು ಬಂದು ಮುಟ್ಟುವವರೆಗೆ ಹಿಡಿದುಕೊಂಡೆ.