ಬ್ಯಾಡಂದವ್ರು ಹಾಡ್ರಿ

ಸೇಡಂನಿಂದ ಚಿಂಚೋಳಿಗೆ ಕ್ರೂಸರ್ ಓಡಿಸುತ್ತಿದ್ದ ಆ ಡ್ರೈವರನದೊಂದು ಕಾಯ್ದೆಯಿತ್ತು. ಗಾಡಿಯಲ್ಲಿ ಹಚ್ಚಿದ ಹಾಡಿಗೆ ಯಾರಾದರೂ ತಕರಾರು ತೆಗೆದರೆ ಆತ ಅದನ್ನು ಬಂದ್ ಮಾಡಿ, ಕನ್ನಡಿಯಲ್ಲಿ ಅವರ ಮುಖ ನೋಡಿ, "ಬ್ಯಾಡಂದವ್ರು ಹಾಡ್ರಿ" ಅನ್ನುತ್ತಿದ್ದ. ಅಲ್ಲಿಗೆ ಎಲ್ಲರೂ ಗಪ್‌ಚಿಪ್.

ಹಳೆಯ ಸಿನಿಮಾ ಹಾಡೊಂದನ್ನು ಯಾವುದೋ ಹುಡುಗಿ ಹೊಸ ಧಾಟಿಯಲ್ಲಿ ಹಾಡಿ, ಅದು ಎಲ್ಲರ ಮೊಬೈಲಿಗೂ ಬಂದಿದ್ದ ದಿನಗಳವು. ಒಂದು ದಿನ ನಾನೂ ಗಾಡಿಯಲ್ಲಿದ್ದೆ; ಆತ ಅದನ್ನು ಹಚ್ಚಿದ್ದೇ ತಡ, ಗಾಡಿ ಎರಡು ಪಾಲಾಯಿತು. ಹಿಂದಿನ ಸೀಟಿನ ಕಾಲೇಜು ಹುಡುಗಿಯರು ಚಪ್ಪಾಳೆ ತಟ್ಟಿದರು. ಮುಂದೆ ತೊಗರಿ ಚೀಲ ಅಪ್ಪಿಕೊಂಡು ಕೂತಿದ್ದ ಮುದುಕಿ, "ಛಂದನ ಹಾಡಿನ ಸತ್ಯಾನಾಸ ಮಾಡ್ಯಾಳ ನೋಡ್ರಿ" ಎಂದಳು.

ಡ್ರೈವರ್ ಹಾಡು ಬಂದ್ ಮಾಡಿದ. "ಬ್ಯಾಡಂದವ್ರು ಹಾಡ್ರಿ ಆಯಿ."

ಮುದುಕಿ ಸೆರಗು ಸರಿಮಾಡಿಕೊಂಡು ಹಾಡಿಯೇಬಿಟ್ಟಳು! ದನಿ ನಡುಗಿತು, ಧಾಟಿ ಕದಲಲಿಲ್ಲ. ಮುಗಿದಾಗ ಹಿಂದಿನ ಹುಡುಗಿಯೊಬ್ಬಳು, "ಭಾಳ ಛಲೋ ಹಾಡಿದ್ರಿ ಆಯಿ. ಆದ್ರೂ ನಂಗ ಹೊಸಾದೇ ಸೇರ್ತದ" ಎಂದಳು.

"ಹಂಗಾರ ನೀ ಹಾಡವ್ವ" ಎಂದು ಮುದುಕಿ ಡ್ರೈವರನಿಗಿಂತ ಮೊದಲೇ ಅಂದಳು.

ಹುಡುಗಿ ಹೊಸ ಧಾಟಿಯಲ್ಲಿ ಹಾಡಿದಳು. ಮುದುಕಿ ತೊಗರಿ ಚೀಲದ ಮೇಲೆ ತಾಳ ಹಾಕಿದಳು. ಹಾಡು ಮುಗಿಯಿತು, ಜಗಳ ಮುಗಿಯಲಿಲ್ಲ. ಕಡೆಗೆ ಮುದುಕಿ, "ನಿನಗ್ಯಾವ್ದು ಸೇರ್ತದಪ್ಪ?" ಎಂದು ಡ್ರೈವರನನ್ನೇ ಕೇಳಿದಳು.

ಆತ ಗಂಟಲು ಸರಿಮಾಡಿಕೊಂಡು ತಾನೇ ಶುರು ಮಾಡಿದ. ಧಾಟಿ ಹಳೆಯದೂ ಅಲ್ಲ, ಹೊಸದೂ ಅಲ್ಲ. ಆ ದನಿಗೆ ಎಮ್ಮೆಯೂ ಬೆದರುತ್ತಿತ್ತು. ಮುದುಕಿ, ಹುಡುಗಿಯರು, ನಾನು, ಎಲ್ಲರೂ ಒಟ್ಟಿಗೆ "ಬ್ಯಾಡ್ರಿ!" ಎಂದು ಚೀರಿದೆವು.

ಕನ್ನಡಿಯಲ್ಲಿ ಆತನ ಹಲ್ಲು ಮಿಂಚಿದವು.

ಚಿಂಚೋಳಿ ಮುಟ್ಟುವವರೆಗೆ ಇಡೀ ಗಾಡಿ ಹಾಡಿತು.