ದೆವ್ವದಕ್ಕನ ಮೊದಲ ಮಾತು

ಸ್ಟುಡಿಯೋದಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ದೆವ್ವದಕ್ಕ ಎಂದೇ. ಕರೆದವರಲ್ಲಿ ಕುಹಕವಿರಲಿಲ್ಲ, ಕರೆಸಿಕೊಂಡವಳಿಗೆ ಬೇಸರವೂ ಇರಲಿಲ್ಲ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅವಳು ಅಲ್ಲಿಗೆ ಹೋದದ್ದು ನಟರ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದ ಚಿಕ್ಕಮ್ಮನ ಕೈಗೆ ಆಸರೆಯಾಗಲೆಂದು. ಉದ್ದನೆಯ ಮುಖ, ಗುಳಿಬಿದ್ದ ಕಣ್ಣು, ತಲೆ ತಗ್ಗಿಸದೆ ಬಾಗಿಲು ದಾಟಲಾಗದಷ್ಟು ಎತ್ತರ. ಮೇಕಪ್ಪಿನವನು ಅವಳನ್ನು ಮೇಲಿಂದ ಕೆಳಗೆ ನೋಡಿ, "ಇವಳಿಗೆ ಬಣ್ಣ ಹಚ್ಚೋದೇ ಬೇಕಾಗಿಲ್ಲ ಕಣ್ರೀ, ಹಾಗೇ ನಿಲ್ಸಿ" ಎಂದ. ನಿಲ್ಲಿಸಿದರು. ಆ ಮಧ್ಯಾಹ್ನ ನಾಯಕಿಯ ಬೆನ್ನ ಹಿಂದಿನ ಕಿಟಕಿಯಲ್ಲಿ ದೆವ್ವವಾಗಿ ನಿಂತವಳು ಇಪ್ಪತ್ತೆರಡು ವರ್ಷ ನಿಂತೇ ಇದ್ದಳು. ಕಿಟಕಿಯಲ್ಲಿ, ಮಹಡಿ ಮೆಟ್ಟಿಲ ತಿರುವಿನಲ್ಲಿ, ಕನ್ನಡಿಯೊಳಗೆ. ಒಂದೇ ಒಂದು ಮಾತಿನ ಪಾತ್ರವೂ ಸಿಗಲಿಲ್ಲ. ಕಿರುಚುವುದೊಂದಿತ್ತು, ಅದನ್ನೂ ಡಬ್ಬಿಂಗ್‌ನಲ್ಲಿ ಬೇರೆ ಯಾರೋ ಕಿರುಚುತ್ತಿದ್ದರು.

"ಬಾಯಿ ನಂದು, ಕೂಗು ಇನ್ನೊಬ್ಬಳದು" ಎಂದು ಮನೆಯಲ್ಲಿ ಹೇಳಿಕೊಂಡು ನಗುತ್ತಿದ್ದಳು. ಗಂಡನೂ ನಗುತ್ತಿದ್ದ. ಮಗಳು ಮಾತ್ರ ನಗುತ್ತಿರಲಿಲ್ಲ.

ಮಗಳಿಗೆ ಏಳು ವರ್ಷವಿದ್ದಾಗ ತರಗತಿಯ ಮಕ್ಕಳು ಅಮ್ಮನ ಸಿನಿಮಾ ನೋಡಿಬಂದಿದ್ದರು. ಮರುದಿನ ಅವಳ ಪಕ್ಕದಲ್ಲಿ ಯಾರೂ ಕೂರಲಿಲ್ಲ. ಮನೆಗೆ ಬಂದ ಹುಡುಗಿ ಚೀಲವನ್ನೂ ಇಳಿಸದೆ, "ಅಮ್ಮ, ನೀನು ಸ್ಕೂಲ್ ಹತ್ರ ಬರಬೇಡ" ಎಂದಳು. ಅವಳು ಸರಿ ಎಂದಳು. ಅಂದಿನಿಂದ ಮಗಳನ್ನು ಕರೆತರಲು ರಸ್ತೆಯ ತಿರುವಿನವರೆಗಷ್ಟೇ ಹೋಗುತ್ತಿದ್ದಳು. ಮಗಳು ದೊಡ್ಡವಳಾಗಿ ಮದುವೆ ಗೊತ್ತಾದಾಗ ಗಂಡಿನ ಕಡೆಯವರಿಗೆ, "ಅಮ್ಮ ಸ್ಟುಡಿಯೋದಲ್ಲಿ ಹೊಲಿಗೆ ಕೆಲಸದಲ್ಲಿದ್ರು" ಎಂದು ಹೇಳಿದ್ದಾಯಿತು. ಅದಕ್ಕೂ ಅವಳು ಸರಿ ಎಂದಳು. ಬೀಗಿತಿ ಒಮ್ಮೆ ಸಲುಗೆಯಿಂದ ಎರಡು ಕಿಟಕಿಯ ಪರದೆ ಹೊಲಿದುಕೊಡಿ ಎಂದಾಗ, ಬಟ್ಟೆಯನ್ನು ಗುಟ್ಟಾಗಿ ಟೈಲರ್ ಹತ್ತಿರ ಒಯ್ದು ಹೊಲಿಸಿ ತಂದುಕೊಟ್ಟು ಹೊಗಳಿಸಿಕೊಂಡು ಬಂದಿದ್ದಳು.

ಅಷ್ಟರಲ್ಲಿ ಗಂಡ ತೀರಿಕೊಂಡಿದ್ದ. ಸಿನಿಮಾಕ್ಕೆ ಕಂಪ್ಯೂಟರಿನ ದೆವ್ವಗಳು ಬಂದಿದ್ದವು. "ಅವಕ್ಕೆ ಊಟ ಬೇಡ, ಕೂರೋಕೆ ಕುರ್ಚಿ ಬೇಡ, ಮಂಡಿ ನೋವೂ ಇಲ್ಲ. ನನ್ನ ಯಾಕೆ ಕರೀತಾರೆ?" ಎಂದುಕೊಂಡು ಅವಳು ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗಕ್ಕೆ ಸೇರಿದಳು. ಹನ್ನೆರಡು ವರ್ಷ ಹಾಸಿಗೆಯ ಹೊದಿಕೆ ಮಡಚಿದಳು. ಒಣಗಿಸುವ ಯಂತ್ರದಿಂದ ಬಿಸಿಬಿಸಿಯಾಗಿ ಬರುವ ಬಟ್ಟೆಯ ಎರಡು ತುದಿ ಇವಳು, ಇನ್ನೆರಡು ತುದಿ ಜೊತೆಗಾತಿ ಹಿಡಿದು, ಒಮ್ಮೆ ಜಾಡಿಸಿ, ಹತ್ತಿರ ಬಂದು ಕೈಗೆ ಕೈ ಸೇರಿಸಬೇಕು. ದಿನಕ್ಕೆ ಮುನ್ನೂರು ಸಲ.

ಅಲ್ಲಿಗೇ ಒಂದು ದಿನ ಸಿನಿಮಾ ನಿರ್ದೇಶಕಿಯೊಬ್ಬಳು ಬಂದಳು. ಮೂವತ್ತು ದಾಟಿರದ ಹೆಣ್ಣುಮಗಳು, ಹೆಗಲಲ್ಲೊಂದು ಬಟ್ಟೆಚೀಲ.

"ಅಕ್ಕಾ, ಚಿಕ್ಕವಳಿದ್ದಾಗ ನಿಮ್ಮನ್ನ ನೋಡಿ ಮಂಚದ ಕೆಳಗೆ ಅಡಗಿದವಳು ನಾನು. ನನ್ನ ಸಿನಿಮಾದಲ್ಲಿ ಮಾಡ್ತೀರಾ?"

"ಈಗ ಯಾರಮ್ಮ ನೋಡ್ತಾರೆ ಅದನ್ನೆಲ್ಲ?"

"ಆ ಕಾಲ ಮತ್ತೆ ಬಂದಿದೆ ಅಕ್ಕಾ. ಪಾಳು ಬಂಗಲೆ, ಮೇಣದಬತ್ತಿ, ಉದ್ದುದ್ದ ನೆರಳು, ಗೋಥಿಕ್ ಅಂತಾರೆ. ಅದರ ಜೊತೆಗೆ, ಕನಸಲ್ಲಿ ಆಗುತ್ತಲ್ಲ, ಬೀರು ತೆಗೆದ್ರೆ ಒಳಗೆ ಸಮುದ್ರ, ಹಂಗೆ. ಅದು ಸರ್ರಿಯಲ್. ಲೋಕದ ತುಂಬ ಈಗ ಹುಡುಗರು ಅದನ್ನೇ ಮಾಡ್ತಿದಾರೆ. ಕಂಪ್ಯೂಟರ್ ನೋಡಿ ನೋಡಿ ಜನಕ್ಕೆ ಸಾಕಾಗಿದೆ. ನಿಜವಾದ ಗೋಡೆ, ನಿಜವಾದ ಮರಳು, ನಿಜವಾದ ಮುಖ ಬೇಕು."

"ನಿಜವಾದ ದೆವ್ವ ಬೇಕು ಅನ್ನು" ಎಂದು ನಕ್ಕು ಅವಳು ಒಪ್ಪಿಕೊಂಡಳು. ಮಗಳಿಗೆ ಹೇಳಲಿಲ್ಲ.

ದೊಡ್ಡ ಶೆಡ್ಡಿನೊಳಗೆ ಹಳೆಯ ಬಂಗಲೆಯ ಕೋಣೆ ಕಟ್ಟಿದ್ದರು. ನೆಲಕ್ಕೆ ಮಂಡಿಮಟ್ಟ ಮರಳು. ಊಟದ ಮೇಜು, ತಟ್ಟೆ ಲೋಟಗಳ ಸಮೇತ, ಚಾವಣಿಗೆ ತಲೆಕೆಳಗಾಗಿ ಅಂಟಿಕೊಂಡಿತ್ತು. "ಇದನ್ನ ಗುಡಿಸೋರು ಯಾರು ತಾಯಿ?" ಎಂದು ಅವಳು ಕೇಳಿದ್ದಕ್ಕೆ ಕ್ಯಾಮೆರಾದವರೆಲ್ಲ ನಕ್ಕರು. ಆದರೆ ಕ್ಯಾಮೆರಾ ಓಡತೊಡಗಿದ್ದೇ ತಡ, ಅವಳ ಕಣ್ಣು ತಾನಾಗಿ ಅಗಲವಾಯಿತು, ಬಾಯಿ ತೆರೆಯಿತು, ಬೆರಳುಗಳು ಸೆಟೆದುಕೊಂಡವು. ಇಪ್ಪತ್ತೆರಡು ವರ್ಷದ ರೂಢಿ. ಆರು ಸಲ ತೆಗೆದರೂ ಅದೇ ಆಯಿತು.

ನಿರ್ದೇಶಕಿ ಮರಳಲ್ಲಿ ಕಾಲೆಳೆದುಕೊಂಡು ಹತ್ತಿರ ಬಂದಳು. "ಹೆದರಿಸಬೇಡಿ ಅಕ್ಕಾ. ಇವಳು ದೆವ್ವ ಅಲ್ಲ. ಮನೆ ತುಂಬ ಜನ ಇದ್ರೂ ಯಾರ ಕಣ್ಣಿಗೂ ಬೀಳದೆ ಬಾಳಿದವಳು, ಅಷ್ಟೆ."

"ಹೆದರಿಸದೆ ನಿಂತ್ಕೊಳ್ಳೋದು ನಂಗೆ ಬರಲ್ಲಮ್ಮ" ಎಂದಳು ಅವಳು. ಕಣ್ಣಲ್ಲಿ ನೀರು ಬಂದಿತ್ತು. "ನೀನು ಬೇರೆ ಯಾರನ್ನಾದ್ರೂ ಕರ್ಕೊಂಡು ಬರ್ಬೇಕಿತ್ತು."

ನಿರ್ದೇಶಕಿ, "ಆವತ್ತು ಆಸ್ಪತ್ರೇಲಿ ಏನು ಮಾಡ್ತಿದ್ರೋ ಅದನ್ನ ಮಾಡ್ತೀರಾ?" ಎಂದು ಕೇಳಿದಳು. ಹತ್ತಾರು ಹೊದಿಕೆಗಳನ್ನು ಒಂದಕ್ಕೊಂದು ಸೇರಿಸಿ ಹೊಲಿಸಿ, ಬೀರುವಿನ ಒಳಗಿಂದ ಹೊರಗೆ ಬಿಟ್ಟರು. ಅವಳು ಎಳೆದಳು. ಬಟ್ಟೆ ಬಂತು, ಇನ್ನೂ ಬಂತು, ಮುಗಿಯಲೇ ಇಲ್ಲ. ಕೈಗೆ ಕೆಲಸ ಸಿಕ್ಕಿದ ಕೂಡಲೇ ಮುಖ ಸಡಿಲವಾಯಿತು. ಕ್ಯಾಮೆರಾ ಮರೆತುಹೋಯಿತು. ಒಂದಷ್ಟು ಉದ್ದ ಎಳೆದುಕೊಂಡು ತೋಳು ಚಾಚಿ ಮಡಚಹೋದರೆ, ಒಬ್ಬಳ ಕೈಗೆ ಅದು ಬಗ್ಗುತ್ತಿಲ್ಲ. ಅವಳು ತಲೆಯೆತ್ತಿ ಕತ್ತಲೆಯ ಕಡೆ ನೋಡಿ, ಜೊತೆಗಾತಿಯನ್ನು ಕರೆದಷ್ಟೇ ಸಹಜವಾಗಿ, "ಆ ತುದಿ ಹಿಡ್ಕೊಳ್ಳೋಕೆ ಯಾರೂ ಇಲ್ವಾ?" ಎಂದಳು.

ಬರೆದುಕೊಟ್ಟ ಮಾತಲ್ಲ ಅದು. ನಿರ್ದೇಶಕಿ ಅದನ್ನು ಹಾಗೆಯೇ ಉಳಿಸಿಕೊಂಡಳು. ಡಬ್ಬಿಂಗೂ ಮಾಡಿಸಲಿಲ್ಲ.

ಗುಟ್ಟು ಒಡೆದದ್ದು ಬಸ್ ನಿಲ್ದಾಣದ ಪೋಸ್ಟರಿನಿಂದ. ನೋಡಿದವಳು ಬೀಗಿತಿ. ಅದೇ ಸಂಜೆ ಸೊಸೆಯನ್ನು ಕೂರಿಸಿಕೊಂಡು, "ನಿಮ್ಮಮ್ಮ ಇಷ್ಟು ದೊಡ್ಡ ನಟಿ, ಅವರ ಕೈಲಿ ನಾನು ಪರದೆ ಹೊಲಿಸ್ಕೊಳ್ಳೋ ಹಾಗೆ ಮಾಡಿದ್ಯಲ್ಲೇ!" ಎಂದು ರೇಗಿದಳು. ಮಗಳು ತಲೆತಗ್ಗಿಸಿ ಇದ್ದದ್ದನ್ನೆಲ್ಲ ಹೇಳಿದಳು. ಆ ಭಾನುವಾರ ಮೂವರೂ ಹೆಂಗಸರು ಮ್ಯಾಟಿನಿಗೆ ಹೋದರು. ಚಿತ್ರಮಂದಿರದಲ್ಲಿ ಯಾರೂ ಕಿರುಚಲಿಲ್ಲ. ಹೊದಿಕೆಯ ದೃಶ್ಯ ಮುಗಿದಾಗ ಯಾರೋ ಮೂಗೊರೆಸಿಕೊಂಡ ಸದ್ದಾಯಿತು. ಬೀಗಿತಿಯೇ.

ಹೊರಗೆ ಬಂದ ಮೇಲೆ ಬೀಗಿತಿ ನೀರಿನ ಬಾಟಲಿ ತರಲು ಹೋದಳು. ಮಗಳು ಅಮ್ಮನ ಪಕ್ಕ ಗೋಡೆಗೊರಗಿ ನಿಂತಳು.

"ಅಮ್ಮ, ನೀನು ಬರ್ತಿದ್ದ ಹಾಗೇ ನಾನು ಕಣ್ಣು ಮುಚ್ಕೊಂಡ್ಬಿಟ್ಟೆ. ಚಿಕ್ಕವಳಿದ್ದಾಗಿನಿಂದ ಅಷ್ಟೇ. ನಿನ್ನ ಒಂದು ಸಿನಿಮಾನೂ ನಾನು ಪೂರ್ತಿ ನೋಡಿಲ್ಲ."

"ಗೊತ್ತು ಕಣೇ."

"ಆಮೇಲೆ ನಿನ್ನ ದನಿ ಕೇಳಿಸ್ತು. ಕಣ್ಣು ಬಿಟ್ಟೆ. ನಿಂಗೆ ಹೇಳ್ಬೇಕಾಗಿದ್ದ ಮಾತು ಎಷ್ಟೋ ಇದೆ. ಈಗ ಆಗ್ತಿಲ್ಲ."

"ನಿಧಾನಕ್ಕೆ ಹೇಳು. ನಾನೇನು ಎಲ್ಲೂ ಮಾಯ ಆಗಲ್ಲ" ಎಂದು ಅಮ್ಮ ಅವಳ ಕೈ ಹಿಡಿದುಕೊಂಡಳು.

ಆ ಮೇಲೆ ಇನ್ನೆರಡು ಸಿನಿಮಾ ಬಂದವು. ಆಸ್ಪತ್ರೆಯ ಕೆಲಸವನ್ನು ಅವಳು ಬಿಡಲಿಲ್ಲ. ವಾರಕ್ಕೆ ಮೂರು ದಿನ ಹೋಗುತ್ತಾಳೆ. ಹೊಸ ಸಿನಿಮಾದಲ್ಲಿ ಅವಳಿಗೆ ಎರಡು ಪುಟ ಮಾತಿದೆ. ಅಷ್ಟೊಂದು ನೆನಪಿನಲ್ಲಿ ಉಳಿಯುವುದಿಲ್ಲ ಎಂದು ಗೊಣಗುತ್ತಾಳೆ. ಶನಿವಾರ ಬೆಳಿಗ್ಗೆ ಮಗಳು ಬಂದು ಕಾಗದ ಹಿಡಿದು ಎದುರು ಕೂರುತ್ತಾಳೆ. ಅಮ್ಮ ಎಡವಿದಲ್ಲೆಲ್ಲ ತಿದ್ದುತ್ತಾಳೆ.