ಗೆಂಡೆಹಳ್ಳಿಯ ಜಗಲಿಯಲ್ಲಿ ಊಟ

ರೈಲು ನಮ್ಮಿಬ್ಬರನ್ನು ಅರಸೀಕೆರೆಯಲ್ಲಿ ಇಳಿಸಿದಾಗ ಇನ್ನೂ ಎಳೆ ಬಿಸಿಲು. ಜೊತೆಗಿದ್ದವಳು ಸುಜಾತ, ತುಮಕೂರಿನ ನಮ್ಮ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವಳು. ನಾನು ಅಲ್ಲೇ ಗ್ರಂಥಾಲಯ ನೋಡಿಕೊಳ್ಳುತ್ತೇನೆ. ಹಳೇಬೀಡು, ಬೇಲೂರು ನೋಡಿ, ಗೆಂಡೆಹಳ್ಳಿಯ ನಮ್ಮ ಚಿಕ್ಕಪ್ಪನ ಮನೆಯಲ್ಲಿ ಊಟ ಮುಗಿಸಿ ಸಂಜೆಗೆ ವಾಪಸಾಗಬೇಕೆಂದುಕೊಂಡಿದ್ದೆವು. ನಿಲ್ದಾಣದ ಎದುರು ಇಡ್ಲಿ ತಿಂದು ಬಸ್ಸು ಹತ್ತಿದೆವು. ಹೆಂಗಸರಿಗೆ ಟಿಕೆಟ್ ಶೂನ್ಯ ದರದ್ದು, ಸೀಟು ಸಿಗುವುದು ಮಾತ್ರ ಕಷ್ಟ. ಬಾಣಾವರ, ಜಾವಗಲ್ ದಾಟುವವರೆಗೆ ನಿಂತೇ ಹೋದೆವು.

ಹಳೇಬೀಡಿನಲ್ಲಿ ಚಪ್ಪಲಿ ಬಿಟ್ಟು ದೇವಸ್ಥಾನದ ಕಲ್ಲಿನ ಜಗತಿಯ ಮೇಲೆ ಕಾಲಿಟ್ಟರೆ ಪಾದ ಚುರುಗುಟ್ಟುತ್ತಿತ್ತು. ಸುಜಾತ ನೆರಳಿನಿಂದ ನೆರಳಿಗೆ ಹಾರುತ್ತಾ ಗೋಡೆಯಲ್ಲಿ ಕೆತ್ತಿದ ಆನೆಗಳ ಸಾಲನ್ನು ಕೊನೆಯವರೆಗೂ ನೋಡಿದಳು. ಬೇಲೂರು ಅಲ್ಲಿಂದ ಅರ್ಧ ಗಂಟೆಯ ದಾರಿ. ದೇವಸ್ಥಾನದ ಸಾಲಿನಲ್ಲಿ ನಿಂತಾಗ ಅವಳಿಗೆ ಚಿಕ್ಕಪ್ಪನ ವಿಷಯ ಹೇಳಿದೆ.

ಅಪ್ಪ ತೀರಿಕೊಂಡ ಮೇಲೆ ನಾನು ಬೆಳೆದದ್ದು ಅವರ ಮನೆಯಲ್ಲೇ. ಕೆಲವು ವರ್ಷಗಳ ಹಿಂದೆ ಒಬ್ಬ ಗುರುವಿನ ಧ್ಯಾನಕೇಂದ್ರ ಸೇರಿ ಅಲ್ಲೇ ಉಳಿದುಬಿಟ್ಟಿದ್ದೆ. ಅಲ್ಲಿ ಅಪ್ಪಣೆ ಎಂಬುದೇ ಇರಲಿಲ್ಲ. ಗುರುಗಳ ಹುಬ್ಬು ಏರಿದರೆ ಸಾಕು, ಸಭೆಯೇ ಎದ್ದು ನಿಲ್ಲುತ್ತಿತ್ತು. ಪ್ರಶ್ನೆ ಕೇಳಿದವರ ಜೊತೆ ಯಾರೂ ಮಾತಾಡುತ್ತಿರಲಿಲ್ಲ. ಚಿಕ್ಕಪ್ಪ ಬಂದು ಜಗಳವಾಡಿ ನನ್ನನ್ನು ಕರೆತಂದರು. "ಅವ್ರ ಮಾತು ಕೇಳ್ದೆ ಹೋದ್ರೆ ಏನಾಯ್ತದೆ ಅಂತ ಕೇಳ್ಕ ಕಣವ್ವ. ಆಗ ಗೊತ್ತಾಯ್ತದೆ, ಭಕ್ತಿಯೋ ಭಯವೋ ಅಂತ" ಎಂದು ತಿಂಗಳುಗಟ್ಟಲೆ ತಿದ್ದಿದರು.

"ಒಳ್ಳೇ ಮನುಷ್ಯ" ಎಂದಳು ಸುಜಾತ.

ಚಿಕ್ಕಪ್ಪ ಬೇಲೂರಿಗೇ ಕಾರು ತಂದಿದ್ದರು. ದಾರಿಯುದ್ದಕ್ಕೂ ನಗು, ತಮಾಷೆ. ಗೆಂಡೆಹಳ್ಳಿಯ ಮನೆಯಲ್ಲಿ ಊಟದ ಮೇಜಿನ ಮೇಲೆ ಸ್ಟೀಲ್ ತಟ್ಟೆ ಹಾಕಿಯಾಗಿತ್ತು. ಅವರೆಕಾಳು ಸಾರಿನ ಘಮ ಬಾಗಿಲವರೆಗೂ ಬರುತ್ತಿತ್ತು. ಚಿಕ್ಕಮ್ಮ ಸುಜಾತಳನ್ನು ಕೇಳಿದರು: "ಮನೆದೇವ್ರು ಯಾವ್ದವ್ವ ನಿಮ್ದು?"

ನಮ್ಮ ಕಡೆ ಜಾತಿ ಕೇಳುವುದು ಒರಟುತನ, ಮನೆದೇವರನ್ನು ಕೇಳುವುದು ಮರ್ಯಾದೆ. ತಿಳಿದುಕೊಳ್ಳುವುದು ಮಾತ್ರ ಒಂದನ್ನೇ.

"ನಾವು ಬೌದ್ಧರು. ಅಪ್ಪನ ಕಾಲದಲ್ಲೇ ಬುದ್ಧನ ಕಡೆ ಬಂದ್ವಿ" ಎಂದಳು ಸುಜಾತ. ಹಾಗೆ ಬಂದವರು ಯಾವ ಕೇರಿಯವರೆಂದು ಆ ಮನೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ.

ಚಿಕ್ಕಪ್ಪ ಹೆಂಡತಿಯ ಮುಖ ನೋಡಿದರು, ಅಷ್ಟೇ. ಸೊಸೆ ತಟ್ಟೆಗಳನ್ನು ಎತ್ತಿಕೊಂಡಳು. ಎಂಜಿನಿಯರಿಂಗ್ ಓದಿದ ಮಗ ಜಗಲಿಯ ಮೇಲೆ ಚಾಪೆ ಹಾಸಿದ. "ಒಳಗೆ ಸೆಕೆ ಕಣವ್ವ, ಇಲ್ಲಿ ಗಾಳಿ ಚೆನ್ನಾಗೈತೆ" ಎಂದರು ಚಿಕ್ಕಪ್ಪ. ಪೇಪರ್ ತಟ್ಟೆಗಳು ಬಂದವು, ನನಗೂ ಒಂದು. ನನ್ನನ್ನು ಮರೆ ಮಾಡಿಕೊಂಡು ಅವಳನ್ನು ಹೊರಗಿಟ್ಟ ಆ ನಾಜೂಕಿಗೆ ಮೈಯೆಲ್ಲ ಉರಿಯಿತು. ಧ್ಯಾನಕೇಂದ್ರದಲ್ಲಾದರೂ ಹುಬ್ಬೇರಿಸಲು ಒಬ್ಬ ಗುರು ಬೇಕಿತ್ತು. ಇಲ್ಲಿ ಅವನೂ ಬೇಡ, ಎಲ್ಲರಿಗೂ ಹುಟ್ಟಿನಿಂದಲೇ ಪಾಠವಾಗಿದೆ. ನನಗೂ ಆಗಿದೆ, ಅದಕ್ಕೇ ಚಾಪೆ ಬಿದ್ದ ಕೂಡಲೇ ಅರ್ಥವಾಯಿತು.

ಸುಜಾತ ಕೂರಲಿಲ್ಲ. "ನನಗೆ ಹಸಿವಿಲ್ಲ" ಎಂದಳು.

"ಊಟ ಒಳಗೇ ಹಾಕಿ ಚಿಕ್ಕಪ್ಪ" ಎಂದೆ. "ಅವಳು ಒಳಗೆ ಕೂತ್ರೆ ಏನಾಗುತ್ತೆ, ಹೇಳಿ."

ಅವರು ದನಿ ತಗ್ಗಿಸಿದರು. "ಮೊಮ್ಮಗೀನ ನಾಮಕರಣಕ್ಕೆ ಊರಲ್ಲಿ ಒಬ್ನೂ ಬರಾಕಿಲ್ಲ. ನಾವು ಬಾಳ್ಬೇಕಾದ್ದು ಇಲ್ಲೇ ಅಲ್ವಾ?"

"ಅಂದ್ರೆ ಭಯ."

"ಅದು ಬೇರೆ, ಇದು ಬೇರೆ ಕಣವ್ವ."

ಏನು ಬೇರೆ? ನನಗಾಗಿ ಅಷ್ಟು ಜನರ ಮಧ್ಯೆ ಗಟ್ಟಿ ದನಿಯಲ್ಲಿ ಜಗಳವಾಡಿದ ಮನುಷ್ಯ ಈಗ ತಮ್ಮದೇ ಹೊಸ್ತಿಲಲ್ಲಿ ಪಿಸುಗುಟ್ಟುತ್ತಿದ್ದರು. ಅವರ ಮೇಲಿನ ಪ್ರೀತಿಯೇ ನನ್ನ ಸಿಟ್ಟನ್ನು ಇನ್ನಷ್ಟು ಹೆಚ್ಚಿಸಿತು. ನಾವು ಊಟ ಮಾಡದೆ ಹೊರಟೆವು. ಬಸ್ಸಿನವರೆಗೆ ಬಿಡುತ್ತೇನೆಂದು ಅವರ ಮಗ ಕಾರಿನ ಕೀಲಿ ಹಿಡಿದು ಬಂದ; ಬೇಡವೆಂದೆವು.

ಬಸ್ಸಿನಲ್ಲಿ ನಾನು ಒಂದೇ ಸಮನೆ ಬೈಯುತ್ತಿದ್ದೆ. ಸ್ವಲ್ಪ ಹೊತ್ತು ಕೇಳಿಸಿಕೊಂಡ ಸುಜಾತ, "ನಿನ್ನ ಸಿಟ್ಟು ಇವತ್ತು ಶುರುವಾಗಿದ್ದು ಕಣೇ, ಅದಕ್ಕೇ ಇಷ್ಟು ಜೋರಾಗಿದೆ. ನನಗೆ ಹೊಟ್ಟೆ ಹಸೀತಿದೆ, ಮೊದಲು ಊಟ ಮಾಡೋಣ" ಎಂದಳು. ಬೇಲೂರಿನಲ್ಲಿ ಇಳಿದು ಬಸ್ ನಿಲ್ದಾಣದ ಹತ್ತಿರ ಅನ್ನ, ಸಾಂಬಾರು ತಿಂದು ಅರಸೀಕೆರೆಯ ಬಸ್ಸು ಹಿಡಿದೆವು.

ರೈಲಿಗೆ ಕಾಯುತ್ತಿದ್ದಾಗ ಚಿಕ್ಕಪ್ಪನ ಫೋನ್ ಬಂತು. "ಮನಸ್ಸಲ್ಲಿ ಇಟ್ಕಬ್ಯಾಡ ಕಣವ್ವ. ನಾಮಕರಣಕ್ಕೆ ಬಾ. ಒಬ್ಳೇ ಬಾ."

"ಒಬ್ಳೇ ಆದ್ರೆ ಬರಲ್ಲ ಚಿಕ್ಕಪ್ಪ." ತವರು ಎಂದುಕೊಳ್ಳಲು ನನಗಿರುವುದು ಅದೊಂದೇ ಮನೆ.

ಅವರ ದನಿಯಲ್ಲಿ ಕೋಪವಿರಲಿಲ್ಲ, ನಿಜವಾದ ಕಳವಳವಿತ್ತು. "ಯಾರವ್ವ ನಿನ್ ತಲೆ ಕೆಡಿಸ್ತಾ ಇರೋದು? ಎಲ್ಲಿದ್ದೀಯ ಹೇಳು, ಬಂದು ಕರ್ಕಂಡ್ ಬತ್ತೀನಿ."

"ಸುಜಾತನ ಪಕ್ಕದಲ್ಲಿದ್ದೀನಿ" ಎಂದು ಹೇಳಿ ಫೋನಿಟ್ಟೆ.